ತೊರಕೆ ಮೊಟ್ಟೆಯ ಕಾವಲು

ಅಕ್ಕನಿಗೆ ಪೂರ್ತಿ ನಮಸ್ಕಾರ, ಭಾವನಿಗೆ ಅರ್ಧ.

ಇಲ್ಲಿ, ಸಮುದ್ರ ಸಂಶೋಧನಾ ಕೇಂದ್ರದಲ್ಲಿ, ನನ್ನ ಕೆಲಸ ಒಂದು ಮೀನಿನ ಮೊಟ್ಟೆ ಕಾಯುವುದು. ಮೈಲಿಗೂ ಹೆಚ್ಚು ಆಳದ ಕತ್ತಲೆಯಲ್ಲಿ ಬದುಕುವ ತೊರಕೆ ಮೀನಿನದು. ನಾಲ್ಕು ಮೂಲೆಗೂ ಕೊಂಬಿರುವ ಕಂದು ಚರ್ಮದ ಚೀಲದಂತಿದೆ. ದೀಪಕ್ಕೆ ಹಿಡಿದರೆ ಒಳಗೆ ಮರಿ ಬಿಡುವಿಲ್ಲದೆ ಬಾಲ ಬೀಸುವುದು ಕಾಣುತ್ತದೆ. ಅದರ ತೊಟ್ಟಿಯ ನೀರನ್ನು ತಣ್ಣಗೆ ಇಟ್ಟೂ ಇಟ್ಟೂ ನನ್ನ ಬೆರಳುಗಳೇ ಮರಗಟ್ಟಿವೆ.

ಮೊಟ್ಟೆ ಒಡೆಯುವವರೆಗೂ ಇರುತ್ತೇನೆಂದು, ಕೋಳಿಯ ಇಪ್ಪತ್ತೊಂದು ದಿನದ ಲೆಕ್ಕ ಹಿಡಿದು, ಧೈರ್ಯವಾಗಿ ಕರಾರಿಗೆ ಸಹಿ ಹಾಕಿದ್ದೆ. ಅದೇ ಧೈರ್ಯದಲ್ಲಿ ನಿನ್ನ ಮಗಳ ಮದುವೆಗೆ ಬಂದೇ ಬರುತ್ತೇನೆ ಎಂದಿದ್ದೆ. ನಿನ್ನೆ ಸಂಶೋಧನೆಯ ಮೇಡಂ ನಕ್ಕುಬಿಟ್ಟರು.

"ಏನ್ ಯಜಮಾನ್ರೇ, ಕೋಳಿ ಅಂದ್ಕೊಂಡ್ರಾ? ಇಷ್ಟು ತಣ್ಣೀರಲ್ಲಿ ಇದು ಬೆಳೆಯೋದೇ ನಿಧಾನ. ಇನ್ನೂ ಮೂರು ವರ್ಷ ಬೇಕು."

"ಅಷ್ಟರಲ್ಲಿ ನಾನೇ ಆ ಚೀಲದೊಳಗೆ ಸೇರ್ಕೊಂಡಿರ್ತೀನಿ ತಾಯಿ" ಎಂದೆ.

ಮಂಡಿ ನೋವಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದೇನೆ, ಯೋಚನೆ ಮಾಡಬೇಡ. ನನಗಾಗಿ ಮದುವೆ ತಡೆಯಬೇಡ, ದಿನ ಗೊತ್ತುಮಾಡು. ನೆಂಟರು ಕೇಳಿದರೆ, ನನ್ನ ತಮ್ಮ ಸಮುದ್ರದ ಇಲಾಖೆಯಲ್ಲಿ ದೊಡ್ಡ ಸಾಹೇಬ, ರಜೆ ಸಿಗಲಿಲ್ಲ ಅನ್ನು. ಮಗಳಿಗೆ ಮಾತ್ರ ನಿಜ ಹೇಳು: ನಿನ್ನ ಮಾವ ಪೆದ್ದ, ಕೇಳದೆ ಸಹಿ ಹಾಕಿದ.

ನಿನ್ನ ತಮ್ಮ