ಸೋಮವಾರ ಬರುವ ವ್ಯಾನಿಗೆ ಹಾರವೋ, ಮೊಹರೋ?

ವಾಹನ ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಾನು ನಿಮ್ಮನ್ನು ಕೇಳಿದ್ದು ಒಂದು ಶಾಲು, ಒಂದು ಹಾರ. ನೀವು ಹೊರಡಿಸಿದ್ದು ಮುಟ್ಟುಗೋಲಿನ ಆದೇಶ. ಅದರಲ್ಲಿ ‘ದೂರುದಾರರು’ ಎಂಬ ಜಾಗದಲ್ಲಿ ನನ್ನ ಹೆಸರಿದೆ. ಅದನ್ನು ಕಂಡ ದಿನದಿಂದ ನನಗೆ ಊಟ ಸೇರುತ್ತಿಲ್ಲ. ಸೋಮವಾರ ಬೆಳಿಗ್ಗೆ ನಿಮ್ಮ ಗೇಟಿನ ಮುಂದೆ ಏನಾಗುತ್ತದೋ ಎಂಬ ಹೆದರಿಕೆಯಿಂದ ಇದನ್ನು ಪತ್ರಿಕೆಗೆ ಬರೆಯುತ್ತಿದ್ದೇನೆ. ನೇರವಾಗಿ ನಿಮಗೇ ಬರೆಯಬಹುದಿತ್ತಲ್ಲ ಎನ್ನಬೇಡಿ. ನಿಮಗೆ ನೇರವಾಗಿ ಬರೆದರೆ ಏನಾಗುತ್ತದೆಂದು ಕಲಿತಾಗಿದೆ.

ನೀವು ಯಾರ ವಾಹನ ಹಿಡಿಯಲು ಹೊರಟಿದ್ದೀರಿ ಎಂಬುದು ಓದುಗರಿಗೂ ಗೊತ್ತಾಗಲಿ. ಸೂಸೈರಾಜ್ ಅಂಕಲ್ ಬಸ್ಸಿನ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡಿ ನಿವೃತ್ತರಾದವರು. ಅವರ ಹೆಂಡತಿ ಪೌಲಿನ್ ಆಂಟಿ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಹೇಳಿಕೊಟ್ಟವರು. ನಕ್ಷೆಯ ಮೇಲೆ ಕಡ್ಡಿ ಇಟ್ಟು ತೋರಿಸಿದ ಊರುಗಳಲ್ಲಿ ಹೆಚ್ಚಿನವನ್ನು ಅವರು ಕಂಡೇ ಇರಲಿಲ್ಲ. ಸ್ಕೂಲಿಗೆ ಓಡಿ ಹಳತಾಗಿದ್ದ ಒಂದು ವ್ಯಾನನ್ನು ಅಂಕಲ್ ಕೊಂಡುಕೊಂಡರು. ಸೀಟು ಬಿಚ್ಚಿ ಹಲಗೆಯ ಮಂಚ ಕೂರಿಸಿದರು, ಮೂಲೆಗೆ ಒಲೆ ಇಟ್ಟರು, ಮೇಲೆ ನೀರಿನ ಡ್ರಮ್ಮು ಕಟ್ಟಿ ನಲ್ಲಿ ಇಳಿಸಿದರು. ಈ ಏಪ್ರಿಲ್‌ನಲ್ಲಿ, ಅಂದರೆ ೨೦೦೭ರ ಈಸ್ಟರ್ ಮುಗಿದ ವಾರವೇ, ವಿಜಯನಗರದ ಮನೆಯನ್ನು ಜೂನ್ ತನಕ ಒಂದು ಸಂಸಾರಕ್ಕೆ ಬಿಟ್ಟುಕೊಟ್ಟು ಹೊರಟರು. ಈಗ ಅವರ ಮನೆ ಎಂದರೆ ಆ ವ್ಯಾನೇ.

ಹೋದ ಊರಿನ ಸೈಬರ್ ಸೆಂಟರಿನಿಂದ ಆಂಟಿ ಇಂಟರ್ನೆಟ್ಟಿನ ನಮ್ಮ ಮೈಸೂರು ಗುಂಪಿನ ಥ್ರೆಡ್ಡಿನಲ್ಲಿ, ಅಂದರೆ ಎಲ್ಲರೂ ಓದಿ ಉತ್ತರ ಬರೆಯುವ ಪುಟದಲ್ಲಿ, ಬರೆಯುತ್ತಿದ್ದರು. “ಹೊನ್ನಾವರದಲ್ಲಿ ಬಾಗಿಲು ತೆಗೆದರೆ ಎದುರಿಗೇ ನದಿ. ಇವರು ‘ಟೀಚರಮ್ಮ, ಇದ್ಯಾವ ನದಿ ಹೇಳು ನೋಡಣ’ ಅಂದರು. ಎಷ್ಟು ಮಕ್ಕಳ ಕೈಲಿ ಹೇಳಿಸಿದ್ದೆ, ನಾನು ಮಾತ್ರ ಹೆಸರು ಹೇಳೋದು ಬಿಟ್ಟು ನೀರಿಗೇ ಇಳಿದುಬಿಟ್ಟೆ.” ಇದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವರು ಬರೆದ ಪ್ರತಿಯೊಂದಕ್ಕೂ ಮೊದಲ ಉತ್ತರ ನನ್ನದೇ ಆಗಬೇಕು. ಹಾಗೆ ಕಾದು ಕೂರುವ ಅಭಿಮಾನಿ ನಾನು.

ಅಭಿಮಾನವೇ ಕೆಡಿಸಿತು. ‘ಮೇ ೨೧ರಂದು ಮಾದರಿ ಚಾಲಕರಿಗೆ ಸನ್ಮಾನ, ಸಾರ್ವಜನಿಕರು ಹೆಸರು ಸೂಚಿಸಬಹುದು’ ಎಂದು ನಿಮ್ಮ ಕಚೇರಿಯ ಗೋಡೆಗೆ ಅಂಟಿಸಿದ್ದಿರಿ. ನಾನು ಎರಡು ಪುಟ ಅರ್ಜಿ ಬರೆದೆ. ಆಂಟಿ ಥ್ರೆಡ್ಡಿಗೆ ಹಾಕಿದ್ದ ಫೋಟೋಗಳನ್ನು ಪ್ರಿಂಟ್ ತೆಗೆಸಿದೆ: ಮಂಚ, ಒಲೆ, ಸಿಲಿಂಡರು, ನೀರಿನ ಡ್ರಮ್ಮು. ಅರ್ಜಿ ಗಟ್ಟಿಯಾಗಿರಲಿ ಎಂದು ನಂಬರ್ ಪ್ಲೇಟಿನದನ್ನೂ ಸೇರಿಸಿದೆ. ಆಮೇಲೆ ಥ್ರೆಡ್ಡಿನಲ್ಲಿ ‘ಸನ್ಮಾನ ಗ್ಯಾರಂಟಿ! ಮೇ ೨೧, ಸೋಮವಾರ, ಹತ್ತು ಗಂಟೆ!’ ಎಂದು ಡಂಗುರ ಹೊಡೆದೆ. ಗ್ಯಾರಂಟಿ ಕೊಟ್ಟಿದ್ದು ನೀವಲ್ಲ, ನಾನು.

ಹನ್ನೆರಡನೇ ದಿನ ಟಪಾಲಿನಲ್ಲಿ ನಿಮ್ಮ ಆದೇಶದ ಪ್ರತಿ ಬಂತು. ದಾಖಲೆಯಲ್ಲಿ ಹನ್ನೆರಡು ಸೀಟು, ಫೋಟೋದಲ್ಲಿ ಎರಡು. ಅನುಮತಿ ಇಲ್ಲದೆ ಮಾರ್ಪಾಟು. ವಾಹನ ಕಂಡಲ್ಲಿ ವಶಕ್ಕೆ ತೆಗೆದುಕೊಂಡು, ಒಳಗಿನ ಸಾಮಾನು ಸಮೇತ ಯಥಾಸ್ಥಿತಿಯಲ್ಲಿ ಮೊಹರು ಹಾಕತಕ್ಕದ್ದು. ಓಡಿಕೊಂಡು ನಿಮ್ಮ ಕಚೇರಿಗೆ ಬಂದೆ. ಟಪಾಲು ವಿಭಾಗದ ಗುಮಾಸ್ತರು ಕಡತ ತೆಗೆದು ನೋಡಿದರು.

“ನೀವೇ ಕೊಟ್ಟಿರೋ ಕಂಪ್ಲೇಂಟ್ ಅಲ್ವೇನಮ್ಮ ಇದು?”

“ಕಂಪ್ಲೇಂಟಲ್ಲ ಸಾರ್, ಸನ್ಮಾನಕ್ಕೆ ಅರ್ಜಿ.”

“ಗಾಡಿ ನಂಬರು, ಫೋಟೋ ಎಲ್ಲಾ ಇಟ್ಬುಟ್ಟು ಸನ್ಮಾನ ಅಂದ್ರೆ ಎಂಗಮ್ಮ? ಪಬ್ಲಿಕ್ಕಿಂದ ಫೋಟೋ ಬಂತು ಅಂದ್ರೆ ಅದು ದೂರಿನ ಫೈಲಿಗೇ ಹೋಗೋದು.”

“ಹಾಗಾದ್ರೆ ವಾಪಸ್ ಕೊಟ್ಬುಡಿ ಸಾರ್.”

“ಇನ್ವರ್ಡ್ ಆಗೋಗಿದೆ ಕಣಮ್ಮ. ಒಳಗ್ ಬಂದಿದ್ದು ಆಚೆ ಹೋಗಲ್ಲ.” ಪಾಪ, ಆಮೇಲೆ ನನ್ನ ಮುಖ ನೋಡಿ ನೀರು ಕುಡಿಯಲು ಹೇಳಿದರು.

ಮಾನ್ಯರೇ, ನಿಯಮ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಓಡುವ ಗಾಡಿಯಲ್ಲಿ ಸಿಲಿಂಡರು ಇಡುವುದು ತಪ್ಪಾದರೆ ಕರೆದು ಹೇಳಿ, ಇಳಿಸುತ್ತಾರೆ. ಕಾಗದ ಮಾಡಿಸಬೇಕಿದ್ದರೆ ಗಡುವು ಕೊಡಿ, ಮಾಡಿಸುತ್ತಾರೆ. ಆದರೆ ಒಂದು ಮಾತು ಕೇಳುತ್ತೇನೆ. ಇದೇ ವ್ಯಾನು ಹನ್ನೆರಡು ಸೀಟಿನಲ್ಲಿ ಮೂವತ್ತು ಮಕ್ಕಳನ್ನು ತುಂಬಿಕೊಂಡು, ಬಾಗಿಲಿಗೆ ಬ್ಯಾಗು ನೇತು ಹಾಕಿಕೊಂಡು ಈ ಊರಲ್ಲೇ ಓಡಾಡಿತಲ್ಲ, ಆಗ ನಿಮ್ಮ ಕಚೇರಿಗೆ ಎಣಿಸಲು ಬರುತ್ತಿರಲಿಲ್ಲವೇ? ಒಳಗೆ ಇಬ್ಬರೇ ವಯಸ್ಸಾದವರು ಉಳಿದ ಮೇಲೆ ಲೆಕ್ಕ ಪಕ್ಕಾ ಆಯಿತೇ?

‘ಸಾಮಾನು ಸಮೇತ’ ಎಂದು ಬರೆದಿದ್ದೀರಿ. ಆ ಸಾಮಾನಿನಲ್ಲಿ ಐಸ್ ತುಂಬಿದ ಒಂದು ಫ್ಲಾಸ್ಕಿದೆ, ಅದರಲ್ಲಿ ಪೌಲಿನ್ ಆಂಟಿಯ ಇನ್ಸುಲಿನ್. ಪ್ರತಿ ಊರಿನಲ್ಲೂ ಬೇಕರಿ ಹುಡುಕಿ ಐಸ್ ಬದಲಾಯಿಸುತ್ತಾರೆ. ಮೇ ಬಿಸಿಲಲ್ಲಿ ಮೊಹರು ಬಿದ್ದ ವ್ಯಾನಿನೊಳಗೆ ಆ ಐಸ್ ಎಷ್ಟು ಹೊತ್ತು ಇರುತ್ತದೆ? ಮದ್ದನ್ನಾದರೂ ಅಂಗಡಿಯಲ್ಲಿ ತರಬಹುದು. ಅವರಿಬ್ಬರೂ ಕೈಚೀಲವೂ ಇಲ್ಲದೆ ರಸ್ತೆಯಲ್ಲಿ ನಿಂತರೆ ಯಾರ ಮನೆಗೆ ಹೋಗಬೇಕು?

ಥ್ರೆಡ್ಡಿನಲ್ಲಿ ‘ಮೈಸೂರಿಗೆ ಬರಬೇಡಿ’ ಎಂದು ಹನ್ನೊಂದು ಸಲ ಹಾಕಿದ್ದೇನೆ. ದಾರಿಯಲ್ಲಿ ಕಂಡವರು ತಡೆಯಿರಿ ಎಂದೂ ಬೇಡಿದ್ದೇನೆ. ರಾಜೀವನಗರದ ಒಬ್ಬರು “ಮೇಡಂ, ಚೆಕ್‌ಪೋಸ್ಟ್‌ನವ್ರ ಹತ್ರಾನೂ ಈ ಗಾಡಿ ನಂಬರ್ ಇರುತ್ತಲ್ವಾ?” ಎಂದು ಬರೆದರು. ಅದು ನನಗೆ ಹೊಳೆದೇ ಇರಲಿಲ್ಲ. ಆಂಟಿಯಿಂದ ಮಾತ್ರ ಒಂದಕ್ಕೂ ಉತ್ತರವಿಲ್ಲ. ಅವರ ಹತ್ತಿರ ಮೊಬೈಲ್ ಇಲ್ಲ.

ನಿನ್ನೆ ಮಧ್ಯಾಹ್ನ ನಮ್ಮ ಮನೆಯ ಫೋನ್ ಹೊಡೆದುಕೊಂಡಿತು.

“ಲಾಸ್ಯಾ, ಪೌಲಿನ್ ಆಂಟಿ ಕಣಮ್ಮ, ಬೂತಿಂದ ಮಾತಾಡ್ತಿದೀನಿ. ಕಾರವಾರದಲ್ಲಿ ಓದಿದ್ವಿ, ಸನ್ಮಾನ ಅಂತೆ! ಆಮೇಲೆ ನೆಟ್ ಕಡೆ ಹೋಗಕ್ಕೇ ಆಗ್ಲಿಲ್ಲ. ನಿಮ್ಮಂಕಲ್ ಎರಡು ದಿನದಿಂದ ವ್ಯಾನ್ ತೊಳೀತಾನೇ ಅವ್ರೆ.”

ಹಿಂದಿನಿಂದ ಅಂಕಲ್ ಕೂಗಿದ್ದು ಕೇಳಿಸಿತು. “ಶಾಲು ಹೊದಿಸೋವಾಗ ಟೋಪಿ ತೆಗೀಬೇಕಾ ಅಂತ ಕೇಳು!”

“ಸುಮ್ನಿರ್ರೀ, ಆ ಬೋಳು ತಲೆ ನೋಡಿದ್ರೆ ಶಾಲು ವಾಪಸ್ ತಗೋತಾರೆ. ಲಾಸ್ಯಾ, ಸೋಮವಾರ ಸೀದಾ ಆಫೀಸಿಗೇ ಬಂದ್ಬುಡ್ತೀವಮ್ಮ. ಒಳಗೆಲ್ಲಾ ತೋರಿಸ್ಬೇಕಲ್ಲ ಅಧಿಕಾರಿಗಳಿಗೆ. ಕಾಫಿನೂ ಅಲ್ಲೇ ಕಾಸಿ ಕೊಡ್ತೀನಿ.”

“ಆಂಟೀ...”

“ಏನಮ್ಮ?”

“ಬನ್ನಿ ಆಂಟಿ,” ಎಂದೆ.

ಹೌದು, ಅಷ್ಟೇ ಅಂದೆ. ಹನ್ನೊಂದು ಸಲ ಟೈಪ್ ಮಾಡಿದ ಮಾತು ಒಂದು ಸಲ ಬಾಯಿಂದ ಬರಲಿಲ್ಲ. ಫೋನ್ ಇಟ್ಟ ಮೇಲೆ ಅದೇ ನಂಬರಿಗೆ ಮಾಡಿದೆ. ಬೂತಿನವರು “ಹೊರಟ್ಹೋದ್ರಲ್ಲಾ” ಎಂದರು.

ಆದ್ದರಿಂದ ಮಾನ್ಯರೇ, ನಿಮ್ಮ ಸಿಬ್ಬಂದಿ ಹುಡುಕಿಕೊಂಡು ಹೋಗುವ ಶ್ರಮವೂ ಬೇಡ. ವಾಹನ ತೊಳೆದು ಒರೆಸಿಕೊಂಡು ತಾನಾಗಿಯೇ ಬರುತ್ತದೆ. ಆದೇಶ ರದ್ದು ಮಾಡಿ, ತಪ್ಪು ಸರಿಪಡಿಸಲು ಜೂನ್ ಕೊನೆಯವರೆಗೆ ಕಾಲ ಕೊಡಿ. ಇದು ನನ್ನ ಬೇಡಿಕೆ. ಅಷ್ಟು ಆಗದಿದ್ದರೆ ಮೊಹರು ಹಾಕುವ ಮೊದಲು ಫ್ಲಾಸ್ಕನ್ನೂ ಬಟ್ಟೆಯನ್ನೂ ಇಳಿಸಿಕೊಳ್ಳಲು ಬಿಡಿ. ಅದೂ ನಿಯಮದಲ್ಲಿ ಇಲ್ಲ ಎನ್ನುವಿರಾದರೆ ಹತ್ತು ನಿಮಿಷ ಕೊಡಿ. ಬೆಳಿಗ್ಗೆ ಎಂಟಕ್ಕೇ ಬಂದು ಗೇಟಿನಲ್ಲಿ ನಿಂತಿರುತ್ತೇನೆ. ವ್ಯಾನಿನ ಹತ್ತಿರ ಮೊದಲು ನಿಮ್ಮವರು ಹೋಗಬಾರದು, ನಾನು ಹೋಗಬೇಕು. ಆಂಟಿ ಕಾಫಿಗೆ ಒಲೆ ಹಚ್ಚುವ ಮೊದಲೇ, ಫೋಟೋ ಕೊಟ್ಟವಳು ನಾನೇ ಎಂದು ನನ್ನ ಬಾಯಿಂದ ಅವರಿಗೆ ಹೇಳಬೇಕು.

ಇಂತಿ,
ನಿಮ್ಮ ಕಡತದ ಪ್ರಕಾರ ದೂರುದಾರಳಾದ
ಲಾಸ್ಯ, ದಟ್ಟಗಳ್ಳಿ