ಪ್ರೊಫೆಸರರಿಗೆ ಹೇಳದೆ ಉಳಿದದ್ದು

ಪ್ರೀತಿಯ ಅಮ್ಮ, ಶಾಮಲಾ ಚಿಕ್ಕಮ್ಮ,

ಪೋಸ್ಟ್‌ಮ್ಯಾನ್ ಓದಬಾರದೆಂದು ಕಾರ್ಡನ್ನು ಲಕೋಟೆಯಲ್ಲಿಟ್ಟಿದ್ದೇನೆ, ನಗಬೇಡಿ. ಇಬ್ಬರು ಹೆಂಗಸರೇ ಜೊತೆಯಾಗಿ ಸಂಸಾರ ಮಾಡಿ ಮಕ್ಕಳನ್ನು ಬೆಳೆಸುತ್ತಿರುವ ಮನೆಗಳಿಗೆ ಹೋಗಿ, ಪ್ರೊಫೆಸರರ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳುವುದು ಇಲ್ಲಿ ಮುಂಬಯಿಯಲ್ಲಿ ನನ್ನ ಕೆಲಸ. ನಿನ್ನೆ ಚೆಂಬೂರಿನಲ್ಲಿ, ಧಾರವಾಡ ಕಡೆಯ ಕೌಸರ್ ತಮ್ಮ ಮಗಳಿಗೆ ಜಡೆ ಹೆಣೆಯುತ್ತ ನನ್ನನ್ನೇ ಕೇಳಿದರು: "ಕೂಸಿಗೇನ ತ್ರಾಸ, ಸಾಲಿಯೊಳಗ ಯಾರ ಕಾಡತಾರ, ಬರೇ ಇದನ್ನ ಕೇಳತೀಯಲ್ಲವಾ. ಮುಂಜಾನೆ ಜಡಿ ಹಾಕೋರು ಯಾರು ಅಂತ ಕೇಳು."

ಅವರ ಸಂಗಾತಿ ಧಾತ್ರಿ ಅಡುಗೆಮನೆಯಿಂದಲೇ, "ಹಾಗ್ ಕೇಳಿದ್ರೆ ದಿನಾ ಜಗಳ ಅಂತ ಬರ್ಕೋಬೇಕಾಗತ್ತೆ" ಎಂದರು.

ಸಂಜೆ ಇದನ್ನು ಹೇಳಿದಾಗ, ಮನೆಯಲ್ಲಿ ಯಾವ ಕೆಲಸ ಯಾರದೆಂದು ಹೊಸ ಅಧ್ಯಯನಗಳೂ ಈಗ ಕೇಳುತ್ತಿವೆ ಎಂದು ಪ್ರೊಫೆಸರರು ಖುಷಿಪಟ್ಟರು. ಆದರೆ ಇಂಥ ಮನೆಯಲ್ಲಿ ಬೆಳೆದು ದೊಡ್ಡವರಾದವರು ಯಾರೂ ಸಿಗುತ್ತಿಲ್ಲವಂತೆ. ನಾನು ಕೌಸರ್ ಅವರ ಉತ್ತರಗಳನ್ನು ಬರೆಯುತ್ತ ಕೂತೆ. ನಿಮ್ಮಿಬ್ಬರನ್ನು ಅಕ್ಕತಂಗಿ ಎಂದು ಶಾಲೆಯ ದಿನಗಳಿಂದಲೂ ಹೇಳಿ ಅಭ್ಯಾಸವಾಗಿಬಿಟ್ಟಿದೆ. ನಿಮ್ಮನ್ನು ಕೇಳದೆ ಅವರಿಗೆ ನಿಜ ಹೇಳಲಾರೆ, ಹೇಳಬೇಕೆಂದು ಮಾತ್ರ ತುಂಬ ಆಸೆಯಾಗಿದೆ. ಭಾನುವಾರ ಇಬ್ಬರೂ ಕೂತು ಫೋನ್ ಮಾಡಿ. ಬೇಡವೆಂದರೂ ಬೇಜಾರಿಲ್ಲ.

ಕೆಮ್ಮು ವಾಸಿಯಾಗಿದೆ. ಲೋಕಲ್ ರೈಲು ಬಂತು, ನಿಲ್ಲಿಸುತ್ತೇನೆ.

ನಿಮ್ಮಿಬ್ಬರ ಮಗಳು,
ಸುಕೃತಿ