ಬಾಗಿಲ ಮೇಲೆ ಗಿಡ ನೆಡಬೇಡಿ

ಇಸವಿ ೨೧೮೭, ಸೆಕೆಮಾಸ, ಒಂಬತ್ತನೆಯ ದಿನ
ಉದ್ಯಾನದ ಕೆಳಗಿನಿಂದ

ಹತ್ತಿಗಿರಣಿ ಓಣಿಯ ಮತ್ತು ಕೆರೆಯಂಗಳ ಓಣಿಯ ಹಿರಿಯರಿಗೆ ನೀಲಗಂಗವ್ವನ ನಮಸ್ಕಾರಗಳು.

ತಿಂಗಳ ಹೆಸರು ಓದಿ ಹುಬ್ಬೇರಿಸಬೇಡಿ. ಮೇ ಮುಗಿದರೂ ಬಿಸಿಲು ಮುಗಿಯದ ಕಾರಣ ಜೂನ್‌ಗೆ ಮೊದಲು ಇನ್ನೊಂದು ತಿಂಗಳನ್ನು ನಾವೇ ಸೇರಿಸಿಕೊಂಡಿದ್ದೇವೆ. ನನ್ನ ಇನ್ನೂ ಕೆಲವು ಮಾತು ನಿಮಗೆ ವಿಚಿತ್ರ ಅನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ಪತ್ರ ಇಷ್ಟು ವರ್ಷ ಹಿಂದಕ್ಕೆ ಹೇಗೆ ಬರುತ್ತದೆಂದು ನನಗೂ ತಿಳಿಯದು.

ನಿಮ್ಮ ಎರಡು ಓಣಿಗಳನ್ನು ಸೀಳಿದ್ದ ಹೆದ್ದಾರಿಗೆ ಈಗ ನೀವು ಮುಚ್ಚಿಗೆ ಹಾಕಿ, ಮೇಲೆ ಮಣ್ಣು ತುಂಬಿ ಉದ್ಯಾನ ಮಾಡುತ್ತಿದ್ದೀರಿ. ಒಳ್ಳೆಯ ಕೆಲಸ. ವಾಹನಗಳ ಕಾಲ ಮುಗಿದ ಮೇಲೆ ಕೆಳಗಿನ ರಸ್ತೆ ಖಾಲಿಬಿತ್ತು. ತಂಪಾಗಿದೆಯೆಂದು ನಮ್ಮ ಹಿರಿಯರು ಇಲ್ಲಿಗಿಳಿದು ಮನೆ ಕಟ್ಟಿಕೊಂಡರು. ನಮ್ಮನ್ನು ತಂಪಿನವರು ಅನ್ನುತ್ತಾರೆ. ನಮಗಿರುವುದು ಪಾಲುಬಿಸಿಲು, ಅಂದರೆ ಮೇಲಿನ ಬಿಸಿಲನ್ನು ಗಾಜಿನ ನಳಿಗೆಯಲ್ಲಿ ಇಳಿಸಿ ಮನೆಮನೆಗೆ ಹಂಚುವುದು. ಅದರಲ್ಲೇ ಹಪ್ಪಳ ಒಣಗಬೇಕು, ಎಣ್ಣೆ ಹಚ್ಚಿದ ಕೂಸನ್ನೂ ಅದರಲ್ಲೇ ಮಲಗಿಸಬೇಕು. ಯಾವುದು ಮೊದಲು ಎಂದು ಅತ್ತೆ ಸೊಸೆಯರಿಗೆ ಜಗಳವಾಗುವುದುಂಟು.

ಹೋದ ಮಳೆಗಾಲ ಕೆರೆಯ ಏರಿ ಒಡೆದು ಸುರಂಗದ ಎರಡೂ ಬಾಯಿಗೆ ಕೆಸರು ತುಂಬಿತು. ಹೊರಗಿನವರು ತೋಡುತ್ತಲೇ ಇದ್ದಾರೆ, ತೋಡಿದಷ್ಟೂ ಜಾರಿ ಬರುತ್ತದೆ. ಮುಚ್ಚಿಗೆ ಒಡೆಯೋಣವೆಂದರೆ ಉದ್ಯಾನದ ಮಣ್ಣೆಲ್ಲ ನಮ್ಮ ತಲೆಯ ಮೇಲೆ. ಉಳಿದದ್ದು ದೀಪ ರಿಪೇರಿಯವರಿಗೆಂದು ನೀವು ನಟ್ಟನಡುವೆ ಕಟ್ಟಿಸಿದ ಮೆಟ್ಟಿಲು ಒಂದೇ. ಹತ್ತಿದರೆ ಕಬ್ಬಿಣದ ಬಾಗಿಲು ಸಿಗುತ್ತದೆ. ಅದು ತೆರೆಯುವುದಿಲ್ಲ.

ಯಾಕೆಂದರೆ ಅದರ ಮೇಲೆ ನೀವು ಮದುವೆ ಮಾಡಿಸಿದಿರಿ. ಓಣಿಗಳೆರಡೂ ಒಂದಾದ ಸಂತೋಷಕ್ಕೆ ಹತ್ತಿಗಿರಣಿಯವರು ಅರಳಿ ತಂದರು, ಕೆರೆಯಂಗಳದವರು ಬೇವು ತಂದರು. ಯಾರಿಗೂ ಹೆಚ್ಚುಕಮ್ಮಿ ಆಗಬಾರದೆಂದು ಅಳೆದೂ ಸುರಿದೂ ನಟ್ಟನಡುವೆಯೇ ನೆಟ್ಟು, ಬಾಸಿಂಗ ಕಟ್ಟಿ, ಸುತ್ತ ಕಟ್ಟೆ ಕಟ್ಟಿದಿರಿ. ದೊಡ್ಡ ದಾರಿ ಎರಡು ಕಡೆ ತೆರೆದಿರುವಾಗ ಈ ಮೆಟ್ಟಿಲು ಯಾರಿಗೆ ಬೇಕು ಅಂದುಕೊಂಡಿರಿ. ಈಗ ಬೇರುಗಳು ಬಾಗಿಲನ್ನು ಬಿಗಿದು ಹಿಡಿದಿವೆ. ಈಗ ಮೇಲಿರುವ ಹತ್ತಿಗಿರಣಿಯವರು ಅರಳಿಯ, ಅಂದರೆ ಗಂಡಿನ ಕಡೆ; ಬಾಗಿಲ ಮೇಲಿರುವುದು ಬೇವಿನ ಬೇರು ಅನ್ನುತ್ತಾರೆ. ಹೆಣ್ಣಿನ ಕಡೆಯವರು ಅರಳಿಯದು ಅನ್ನುತ್ತಾರೆ. ಮುತ್ತೈದೆಯರು ನೂಲು ಸುತ್ತಿದ ಮರಕ್ಕೆ ಮೊದಲ ಏಟು ಹಾಕಿದ ಕೆಟ್ಟ ಹೆಸರು ಯಾರಿಗೂ ಬೇಡ. ಗಂಡಿನ ಕಡೆಯ ಹಿರಿಯ ಶಿವಯೋಗಪ್ಪ ಉದ್ಯಾನದಿಂದ ನಮಗೆ ಇಳಿದಿರುವ ಗಾಳಿಕೊಳವೆಗೆ ಬಾಯಿಟ್ಟು ನನಗೆ ಹೇಳಿದ್ದು ಇದು: "ಲಗ್ನ ಮಾಡಿದ ಗಿಡಕ್ಕ ನಾವ ಮೊದಲ ಹ್ಯಾಂಗ ಕೊಡ್ಲಿ ಹಾಕೂಣ ಅಕ್ಕಾ? ಅವರು ಸುರು ಮಾಡ್ಲಿ, ನಾವು ಬರ್ತೀವಿ."

ಕೆಟ್ಟವರಲ್ಲ. ಅದೇ ಕೊಳವೆಯಲ್ಲಿ ದಿನವೂ ಬಿಸಿ ರೊಟ್ಟಿ, ಝುಣಕ ಇಳಿಸುತ್ತಾರೆ. ಆ ರೊಟ್ಟಿ ಕಂಡರೆ ನನಗೆ ಮೈಯುರಿಯುತ್ತದೆ, ಆದರೂ ತಿನ್ನುತ್ತೇನೆ.

ನನ್ನ ಮಗಳು ಮಂದಾಕಿನಿಯ ಕೂಸು ತುಂಗಿಗೆ ಐದು ತಿಂಗಳು. ಹುಟ್ಟಿದ್ದು ಇಲ್ಲೇ, ಕೆಸರು ತುಂಬಿದ ಮೇಲೆ. ಈ ಥಂಡಿ ಗಾಳಿಗೆ ಅದರ ಎದೆ ಗೊರಗೊರ ಅನ್ನುತ್ತದೆ. ಇನ್ನೊಂದು ಮಳೆಗಾಲ ಕೆಳಗಿದ್ದರೆ ಉಳಿಯುವುದಿಲ್ಲ ಎಂದು ಮೇಲಿನ ಡಾಕ್ಟರಮ್ಮ ಕೊಳವೆಯಲ್ಲೇ ಅದನ್ನು ಕೇಳಿಸಿಕೊಂಡು ಹೇಳಿದರು. ಕೊಳವೆಯ ಅಗಲ ನೀರಿನ ಕೊಡದಷ್ಟು. ಇವತ್ತು ಕೂಸು ಹಿಡಿಸುತ್ತದೆ, ಇನ್ನು ಸ್ವಲ್ಪ ಬೆಳೆದರೆ ಹಿಡಿಸುವುದಿಲ್ಲ. ತಾಯಿ ಹಿಡಿಸುವ ಮಾತೇ ಇಲ್ಲ.

ಆದ್ದರಿಂದ ಒಂದೇ ಕೇಳುತ್ತೇನೆ. ಮದುವೆ ಮಾಡಿರಿ, ಕಟ್ಟೆಯನ್ನೂ ಕಟ್ಟಿರಿ, ಆದರೆ ಗುಂಡಿಯನ್ನು ನಾಲ್ಕು ಮಾರು ಆಚೆ ತೋಡಿರಿ. ನಡುಮಧ್ಯ ತಪ್ಪಿದರೆ ಯಾರೂ ಸಾಯುವುದಿಲ್ಲ.

ಕೂಸನ್ನು ಮೇಲಕ್ಕೆ ಕಳಿಸಲು ಕೊಳವೆಯಲ್ಲಿ ಬುಟ್ಟಿ ಇಳಿದು ಬಂತು. ಎರಡು ಹಗ್ಗ ಕಟ್ಟಿದ್ದಾರೆ, ಓಣಿಗೊಂದು. ಮಂದಾಕಿನಿ ಕೂಸನ್ನು ಮಲಗಿಸಿ, ಮೇಲಕ್ಕೆ ಮುಖ ಮಾಡಿ, "ಇಬ್ಬರೂ ಕೂಡೇ ಎಳೀರಿ, ಒಬ್ಬರ ಜಗ್ಗಿದ್ರ ವಾಲತೈತಿ," ಅಂದಳು. ಅವರು ಕೂಡಿಯೇ ಎಳೆಯುತ್ತಿದ್ದಾರೆ, ಬುಟ್ಟಿ ನೆಟ್ಟಗೆ ಏರುತ್ತಿದೆ. ಇಲ್ಲಿ ನನ್ನ ಮಗಳ ಕುಪ್ಪಸ ಹಾಲಿನಿಂದ ತೊಯ್ದಿದೆ.

ಗುಂಡಿ ಇನ್ನೂ ತೋಡಿರದಿದ್ದರೆ, ದಯವಿಟ್ಟು ಆಚೆ ಸರಿದು ತೋಡಿರಿ.